ಅತ್ತೆ ತುಪ್ಪ ಬಡಿಸ್ತಾರೆ, ಡಾಕ್ಟ್ರು ತೂಕ ನೋಡಿ ಮುಖ ಸಿಂಡರಿಸ್ತಾರೆ. 86 ಕೆಜಿ ಬಸುರಿ ಏನ್ ತಿನ್ಬೇಕು?

ಕೆಂಗೇರಿ_ಪುಟ್ಟಿ
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಬರೀ ಓದ್ಕೊಂಡು ಹೋಗ್ತಿದ್ದೆ, ಬರೀತಿರೋದು ಇದೇ ಮೊದಲು.

ವಯಸ್ಸು 31, ಎತ್ತರ 160 ಸೆಂ.ಮೀ. ಬಸುರಿ ಆಗೋಕೆ ಮುಂಚೆ ತೂಕ 86 ಕೆಜಿ. ಈಗ 15ನೇ ವಾರ, ಮೊನ್ನೆ ಚೆಕಪ್‌ನಲ್ಲಿ 89. ಡಾಕ್ಟ್ರು "ಹೆರಿಗೆ ತನಕ ಒಟ್ಟು 5ರಿಂದ 9 ಕೆಜಿ ಏರಿದ್ರೆ ಸಾಕು, ಅದ್ರಲ್ಲಿ 3 ಆಗ್ಲೇ ಖರ್ಚು ಮಾಡ್ಕೊಂಡಿದೀರ" ಅಂದ್ರು. ಹಾಗಾದ್ರೆ ಏನ್ ತಿನ್ಲಿ ಅಂತ ಕೇಳೋಷ್ಟರಲ್ಲಿ ಮುಂದಿನ ಟೋಕನ್ ಕೂಗಿದ್ರು.

ಮನೇಲಿ ಅತ್ತೆ ಹಾಸನದಿಂದ ಬಂದಿದಾರೆ. ತುಂಬಾ ಒಳ್ಳೆಯವರು, ಅವರ ಪ್ರೀತಿನೇ ಸಮಸ್ಯೆ. ಬೆಳಿಗ್ಗೆ ಏಳಕ್ಕೆ ಬೆಲ್ಲ ಹಾಕಿದ ರಾಗಿ ಮಾಲ್ಟ್, ಎಂಟೂವರೆಗೆ ನಾಲ್ಕು ದೋಸೆ, ಡಬ್ಬಿಗೆ ಖರ್ಜೂರದ ಉಂಡೆ, ರಾತ್ರಿ ಮುದ್ದೆ, ಮುದ್ದೆ ಆದ್ಮೇಲೆ ಅನ್ನ, ಅನ್ನದ ಮೇಲೆ ತುಪ್ಪ. ಸಾಕು ಅಂದ್ರೆ "ಎರಡು ಜೀವ ಕಣಮ್ಮ, ನಿನಗೆ ಸಾಕಾದ್ರೆ ಅದಕ್ಕೆ ಸಾಕಾಯ್ತಾ?" ಅಂತಾರೆ. ಎಚ್‌ಎಸ್‌ಆರ್ ಲೇಔಟ್‌ನಲ್ಲಿರೋ ನಾದಿನಿ ಇನ್ನೊಂದು ಕಡೆ: "ಅತ್ತಿಗೆ, ಅನ್ನ ಪೂರ್ತಿ ಬಿಟ್ಬಿಡಿ, ಸಂಜೆ ಆರರ ಮೇಲೆ ಬಾಯಿಗೆ ಬೀಗ ಹಾಕಿ."

ಯಾರ ಮಾತು ಕೇಳ್ಲಿ? ನಾನು ದಪ್ಪ ಇರೋದ್ರಿಂದ ಮಗುಗೆ ನಿಜವಾಗ್ಲೂ ತೊಂದ್ರೆ ಆಗುತ್ತಾ? ನಿನ್ನೆ ರಾತ್ರಿ ಎರಡು ಗಂಟೆ ತನಕ ಗೂಗಲ್ ಮಾಡಿ ಅತ್ತಿದೀನಿ. ದಯವಿಟ್ಟು ಬಯ್ಬೇಡಿ, ಬಯ್ಯೋಕೆ ಬೇಕಾದಷ್ಟು ಜನ ಇದಾರೆ.

ಜಯನಗರ_ನಾಲ್ಕನೇ_ಬ್ಲಾಕ್
ಮೊದಲು ಶುಭಾಶಯ ತಗೊಳ್ಳಿ! ಎರಡನೇದು, ರಾತ್ರಿ ಎರಡಕ್ಕೆ ಗೂಗಲ್ ಮಾಡಿದ್ರೆ ನೆಗಡಿಗೂ ಸಾವೇ ಉತ್ತರ. ಮಲಗಿ.

ಮಾಗಡಿ_ಹೈದ
ನಮ್ಮಜ್ಜಿ ಎಂಟು ಹೆತ್ತಳು. ಮುದ್ದೆ, ತುಪ್ಪ, ನಾಟಿಕೋಳಿ, ಎಲ್ಲಾ ತಿಂದಳು. ಬಿಎಂಐನೂ ಇರ್ಲಿಲ್ಲ, ಬಿಪಿನೂ ಇರ್ಲಿಲ್ಲ. ಈಗಿನವರು ಡಾಕ್ಟ್ರ ಮಾತು ಕೇಳಿ ಕೇಳಿ ಹೆದರ್ಕೊಂಡಿದಾರೆ ಅಷ್ಟೇ. ತಿನ್ನಿ ಅಕ್ಕ ಆರಾಮಾಗಿ.

ಬಸ್ಸಾರು_ಪ್ರಿಯೆ
@ಮಾಗಡಿ_ಹೈದ ಗುರು, ಆ ಎಂಟರಲ್ಲಿ ಎಷ್ಟು ಉಳಿದವು ಅಂತ ಅಜ್ಜಿನ ಕೇಳಿದೀಯಾ? ಬಿಪಿ ಇರ್ಲಿಲ್ಲ ಅಂದ್ರೆ ಬಿಪಿ ನೋಡೋರು ಇರ್ಲಿಲ್ಲ ಅಂತ ಅರ್ಥ. ನಿಮ್ಮಜ್ಜಿ ಬೆಳಗಾಗೆದ್ದು ರಾಗಿ ಬೀಸಿ, ನೀರು ಸೇದಿ, ಹೊಲಕ್ಕೆ ಬುತ್ತಿ ಹೊತ್ತವಳು. ಇವರು ಕೆಂಗೇರಿಯಿಂದ ಆಫೀಸಿಗೆ ಹೋಗಿ ಒಂಬತ್ತು ಗಂಟೆ ಕುರ್ಚಿ ಮೇಲೆ ಕೂರೋರು.

ಮಾಗಡಿ_ಹೈದ
ಐದು ಉಳಿದವು. ಸರಿ, ಒಪ್ಕೊಂಡೆ. ಆದ್ರೂ ತುಪ್ಪದ್ದೇನೂ ತಪ್ಪಿಲ್ಲ.

ನೈಟ್‌ಶಿಫ್ಟ್_ಸಿಸ್ಟರ್
ಹೆರಿಗೆ ವಾರ್ಡಿನಲ್ಲಿ 14 ವರ್ಷದಿಂದ ಇದೀನಿ. ಪುಟ್ಟಿ, ಹೆದರಿಸೋಕೆ ಹೇಳ್ತಿಲ್ಲ, ಯಾಕೆ ಡಾಕ್ಟ್ರು ತೂಕ ತೂಕ ಅಂತಾರೆ ಅಂತ ಗೊತ್ತಾಗ್ಲಿ ಅಂತ ಒಂದು ಕಥೆ.

ಒಬ್ಬ ಹುಡುಗಿ, ನಿನ್ನಷ್ಟೇ ತೂಕ. ಮೂರನೇ ತಿಂಗಳಲ್ಲಿ ಸಕ್ಕರೆ ನೋಡಿದಾಗ ಸರಿ ಇತ್ತು ಅಂತ ಆರನೇ ತಿಂಗಳಲ್ಲಿ ಮತ್ತೆ ನೋಡಿಸ್ಕೊಳ್ಳೋಕೆ ಬರ್ಲೇ ಇಲ್ಲ. ಸೀಮಂತ ಆಯ್ತು, ಊರಿನಿಂದ ಡಬ್ಬಿ ಡಬ್ಬಿ ಉಂಡೆ ಬಂತು. ಹೆರಿಗೆ ದಿನ ತಲೆ ಬಂತು, ಭುಜ ಸಿಕ್ಕಿಕೊಳ್ತು. ಆ ಒಂದು ನಿಮಿಷ ಇಡೀ ರೂಮಲ್ಲಿ ಯಾರೂ ಉಸಿರಾಡ್ಲಿಲ್ಲ. ದೇವರು ದೊಡ್ಡವನು, ಮಗು ಆಚೆ ಬಂತು, 4.2 ಕೆಜಿ. ಹೊರಗೆ ಮನೆಯವರು "ಗುಂಡು ಗುಂಡಾಗಿದೆ" ಅಂತ ಸ್ವೀಟ್ ಹಂಚ್ತಿದಾರೆ, ಒಳಗೆ ಮಗುಗೆ ಸಕ್ಕರೆ 30ಕ್ಕೆ ಇಳಿದು ಕೈಕಾಲು ನಡುಗ್ತಿದೆ. ಎರಡು ದಿನ ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಇಟ್ಕೊಂಡ್ವಿ.

ದಪ್ಪ ಮಗುಗೆ ಸಕ್ಕರೆ ಕಮ್ಮಿ ಹೆಂಗಾಗುತ್ತೆ ಅಂತ ಎಲ್ರೂ ಕೇಳ್ತಾರೆ. ಅಮ್ಮನ ರಕ್ತದ ಸಕ್ಕರೆ ಮಾಸು ದಾಟಿ ಮಗುಗೆ ಹೋಗುತ್ತೆ, ಅಮ್ಮನ ಇನ್ಸುಲಿನ್ ದಾಟಲ್ಲ. ಹಾಗಾಗಿ ಮಗು ತಾನೇ ಜಾಸ್ತಿ ಇನ್ಸುಲಿನ್ ಮಾಡ್ಕೊಂಡು, ಬಂದ ಸಕ್ಕರೆನೆಲ್ಲ ಕೊಬ್ಬಾಗಿ ಕೂಡಿಡುತ್ತೆ. ಹೊಕ್ಕುಳಬಳ್ಳಿ ಕತ್ತರಿಸಿದ ತಕ್ಷಣ ಸಕ್ಕರೆ ಬರೋದು ನಿಂತೋಯ್ತು, ಇನ್ಸುಲಿನ್ ಮಾತ್ರ ಹಾಗೇ ಇದೆ. ಧಡ್ ಅಂತ ಇಳಿಯುತ್ತೆ.

ತಾಯಿ ಕಡೆಗೆ ಬಿಪಿ, ಸಿಜೇರಿಯನ್, ಹೊಲಿಗೆ ಜಾಗ ಕೀವಾಗೋದು, ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು, ಇವೆಲ್ಲ ತೂಕ ಜಾಸ್ತಿ ಇರೋರಲ್ಲಿ ಹೆಚ್ಚು ನೋಡ್ತೀವಿ. ಹೆಚ್ಚು ಅಂದ್ರೆ ಎಲ್ಲರಿಗೂ ಆಗುತ್ತೆ ಅಂತಲ್ಲ. 100 ಕೆಜಿ ಇದ್ದೋರು ನಗ್ತಾ ಬಂದು ನಗ್ತಾ ಹೋಗಿರೋದನ್ನೂ ನೋಡಿದೀನಿ.

ಕೆಂಗೇರಿ_ಪುಟ್ಟಿ
ಸಿಸ್ಟರ್, ಓದಿ ಒಂದ್ಸಲ ಎದೆ ಝಲ್ ಅಂತು, ಆದ್ರೆ ಯಾರೂ ಹೀಗೆ ಬಿಡಿಸಿ ಹೇಳಿರ್ಲಿಲ್ಲ. ಆ ಸಕ್ಕರೆ ಪರೀಕ್ಷೆ ಯಾವಾಗ ಮಾಡಿಸ್ಬೇಕು?

ನೈಟ್‌ಶಿಫ್ಟ್_ಸಿಸ್ಟರ್
ಒಂದ್ಸಲ ಈಗ್ಲೇ, ಸರಿ ಇದ್ರೆ ಮತ್ತೆ 24ರಿಂದ 28ನೇ ವಾರದೊಳಗೆ. 75 ಗ್ರಾಂ ಗ್ಲೂಕೋಸ್ ನೀರಲ್ಲಿ ಕಲಸಿ ಕೊಡ್ತಾರೆ, ಎರಡು ಗಂಟೆ ಆದ್ಮೇಲೆ ರಕ್ತ ತಗೋತಾರೆ, 140 ಮುಟ್ಟಿದ್ರೆ ಬಸುರಿ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಸರ್ಕಾರಿ ಪದ್ಧತಿಲಿ ಉಪವಾಸ ಬರ್ಬೇಕಂತನೂ ಇಲ್ಲ. ನಿಂಬೆಹಣ್ಣು ಹಿಂಡ್ಕೊಂಡು ಕುಡಿ, ಇಲ್ದಿದ್ರೆ ವಾಕರಿಕೆ ಬರುತ್ತೆ.

ಲೆಕ್ಕದ_ಮೇಷ್ಟ್ರು
86 ಕೆಜಿ, 1.6 ಮೀಟರ್. ಬಿಎಂಐ (ಕೆಜಿ ತೂಕವನ್ನ ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ್ದು) 33.6. ಡಾಕ್ಟ್ರು ಹೇಳಿದ 5ರಿಂದ 9 ಕೆಜಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಹಾಕಿದ ಪಟ್ಟಿಯಿಂದ ಬಂದಿದ್ದು. ಬಿಎಂಐ 30 ದಾಟಿದವರಿಗೆ 5–9, 25ರಿಂದ 30ರೊಳಗಿದ್ದರೆ 7–11.5, ಸಾಧಾರಣ ತೂಕದವರಿಗೆ 11.5–16. ನಿಮಗೆ ಇನ್ನು ಉಳಿದಿರೋದು 25 ವಾರ, 6 ಕೆಜಿ. ವಾರಕ್ಕೆ ಕಾಲು ಕೆಜಿಗಿಂತ ಸ್ವಲ್ಪ ಕಮ್ಮಿ. ಅಸಾಧ್ಯ ಅಲ್ಲ.

ದಾಸರಹಳ್ಳಿ_ದಾರಿಹೋಕ
ಅಮೆರಿಕದ ಹೆಂಗಸರ ಪಟ್ಟಿ ನಮ್ಮ ಹಾಸನದ ಸೊಸೆಗೆ ಯಾಕ್ರೀ? ನಮ್ಮ ಮೂಳೆ ಬೇರೆ, ನಮ್ಮ ಊಟ ಬೇರೆ.

ಲೆಕ್ಕದ_ಮೇಷ್ಟ್ರು
ಪ್ರಶ್ನೆ ಸರಿಯಾಗಿದೆ, ಆದ್ರೆ ಉತ್ತರ ನಿಮಗೆ ಇಷ್ಟ ಆಗಲ್ಲ. ಭಾರತೀಯರಿಗೆ 30 ಅಲ್ಲ, 25ಕ್ಕೇ ಸ್ಥೂಲಕಾಯ ಅಂತ ನಮ್ಮ ದೇಶದ ತಜ್ಞರೇ ಗೆರೆ ಎಳೆದಿದಾರೆ, 23ಕ್ಕೆ ಹೆಚ್ಚು ತೂಕ. ಅದೇ ಬಿಎಂಐಗೆ ನಮ್ಮಲ್ಲಿ ಹೊಟ್ಟೆ ಸುತ್ತ ಕೊಬ್ಬು ಜಾಸ್ತಿ, ಸಕ್ಕರೆ ಬೇಗ ಬರುತ್ತೆ. ಅಂದ್ರೆ ನಮ್ಮ ಪಟ್ಟಿ ಇನ್ನೂ ಬಿಗಿ.

ದಾಸರಹಳ್ಳಿ_ದಾರಿಹೋಕ
ಕೇಳಿದ್ದೇ ತಪ್ಪಾಯ್ತು.

ತಟ್ಟೆ_ಲೆಕ್ಕ
ನಾನು ಡಯಟಿಷಿಯನ್, ಬಸವೇಶ್ವರನಗರದಲ್ಲಿ. ಇಲ್ಲಿ ಫೀಸ್ ಇಲ್ಲ, ಅದಕ್ಕೆ ಉದ್ದ ಬರೀತೀನಿ.

ಮೊದಲು "ಎರಡು ಜೀವ". 15ನೇ ವಾರದ ಮಗು ನೂರು ಗ್ರಾಂ ಆಸುಪಾಸು ಇರುತ್ತೆ. ಅದಕ್ಕೆ ಇನ್ನೊಂದು ತಟ್ಟೆ ಊಟ ಬೇಕಾಗಿಲ್ಲ. ನಮ್ಮ ದೇಶದ 2020ರ ಪೌಷ್ಟಿಕಾಂಶ ಪಟ್ಟಿ ಪ್ರಕಾರ ಸಾಧಾರಣ ತೂಕದ ಬಸುರಿಗೇ ದಿನಕ್ಕೆ ಹೆಚ್ಚುವರಿ 350 ಕ್ಯಾಲರಿ ಸಾಕು. ದರ್ಶಿನಿಯ ಬೆಣ್ಣೆ ಮಸಾಲೆ ದೋಸೆ ಒಂದೇ ಹೆಚ್ಚುಕಮ್ಮಿ ಅದನ್ನ ಮುಗಿಸುತ್ತೆ. ಆದ್ರೆ ಪ್ರೋಟೀನ್ ನೋಡಿ: ನಾಲ್ಕನೇ ತಿಂಗಳಿಂದ ದಿನಕ್ಕೆ 9.5 ಗ್ರಾಂ ಹೆಚ್ಚು, ಕೊನೇ ಮೂರು ತಿಂಗಳು 22 ಗ್ರಾಂ ಹೆಚ್ಚು ಬೇಕು. ಅಂದ್ರೆ ಅನ್ನ ಅಲ್ಲ, ಕಾಳು ಜಾಸ್ತಿ ಆಗ್ಬೇಕು. ನಮ್ಮ ಮನೆಗಳಲ್ಲಿ ಆಗೋದು ಉಲ್ಟಾ. ಪ್ರೀತಿ ಇದ್ದಷ್ಟೂ ಅನ್ನ ಬೀಳುತ್ತೆ, ಕಾಳು ಸಾರಿನ ತಳದಲ್ಲಿ ಉಳಿಯುತ್ತೆ.

ತಟ್ಟೆ ಅರ್ಧ ತರಕಾರಿ ಸೊಪ್ಪು, ಕಾಲು ಭಾಗ ಕಾಳು, ಮೊಟ್ಟೆ, ಮೀನು ಅಥವಾ ಪನೀರು, ಉಳಿದ ಕಾಲಲ್ಲಿ ಮುದ್ದೆ *ಇಲ್ಲಾ* ಅನ್ನ *ಇಲ್ಲಾ* ಚಪಾತಿ. ಮುದ್ದೆ ಆದ್ಮೇಲೆ ಅನ್ನ ಅನ್ನೋದು ಹಾಸನ ಮಂಡ್ಯದ ಕಾನೂನು, ಗೊತ್ತು, ನಮ್ಮಪ್ಪನೂ ಅದೇ ಊರೋರು. ಆದ್ರೆ ಎರಡೂ ಒಂದೇ ಖಾತೆಗೆ ಹೋಗುತ್ತೆ. ಬಾಳೆಎಲೆ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲು ಬಡಿಸ್ತಾರಲ್ಲ, ಹಾಗೇ ಮೊದಲು ಅವನ್ನ ತಿಂದು ಮುಗಿಸಿ, ಆಮೇಲೆ ಅನ್ನಕ್ಕೆ ಕೈ ಹಾಕಿ. ಸಕ್ಕರೆ ಏರೋ ವೇಗ ತಗ್ಗುತ್ತೆ.

ಈಗ ಪುಟ್ಟಿಗೆ ಒಂದು ಪ್ರಶ್ನೆ. ಅತ್ತೆ ಕೊಡೋದೆಲ್ಲ ಹೇಳಿದ್ರಿ. ಅತ್ತೆ ನೋಡದೇ ಇದ್ದಾಗ ಏನ್ ತಿಂತೀರ?

ಧಾರವಾಡ_ಪೇಢೆ
ಅನ್ನ ಮುದ್ದಿ ಅಂತ ಯಾಕ ಗುದ್ದಾಡ್ತೀರಿ? ಎರಡು ಜ್ವಾಳದ ರೊಟ್ಟಿ, ಮ್ಯಾಲೆ ಬದನಿಕಾಯಿ ಪಲ್ಯ, ಹಸಿ ಮೆಂತ್ಯ ಸೊಪ್ಪು, ಮಡಿಕಿಕಾಳು. ಬೆಂಗ್ಳೂರಾಗ ಇದ್ದು ಹತ್ತ ವರ್ಷ ಆತು, ರೊಟ್ಟಿ ಬಿಟ್ಟಿಲ್ಲ, ಎರಡು ಹಡೆದೀನಿ, ಸಕ್ರಿ ಬಂದಿಲ್ಲ.

ಕುಡ್ಲದ_ಕುಚ್ಚಲಕ್ಕಿ
ರೊಟ್ಟಿ ತಟ್ಟುವವರು ಯಾರು ಮಾರಾಯ್ರೆ ಇಲ್ಲಿ? ಕುಚ್ಚಲಕ್ಕಿ ಗಂಜಿ ಉಂಟಲ್ಲ, ಬಂಗುಡೆ ಸಾರು ಉಂಟಲ್ಲ, ಮತ್ತೆಂತ ಬೇಕು.

ಮಾಗಡಿ_ಹೈದ
ರಾಗಿ ತಿಂದವ ನಿರೋಗಿ. ಇದಕ್ಕೆ ಉತ್ತರ ಕೊಡ್ರಪ್ಪ. ಮುದ್ದೆಗೆ ಸಕ್ಕರೆ ಏರಲ್ಲ, ಊರಿಗೇ ಗೊತ್ತು.

ತಟ್ಟೆ_ಲೆಕ್ಕ
ಏರುತ್ತೆ ಹೈದ. ನೂರು ಗ್ರಾಂ ರಾಗಿ ಹಿಟ್ಟಲ್ಲಿ 60 ಗ್ರಾಂಗಿಂತ ಹೆಚ್ಚು ಪಿಷ್ಟನೇ ಇರೋದು. ದೊಡ್ಡ ಮುದ್ದೆಗೆ ಅಷ್ಟು ಹಿಟ್ಟು ಹಿಡಿಯುತ್ತೆ. ರಾಗಿಲಿ ನಾರು ಇದೆ, ಅಕ್ಕಿಗಿಂತ ಕ್ಯಾಲ್ಸಿಯಂ ಎಷ್ಟೋ ಪಾಲು ಜಾಸ್ತಿ, ಒಪ್ಪಿದೆ. ಸೊಪ್ಪಿನ ಸಾರಲ್ಲಿ ಅದ್ದಿ ಒಂದು ಸಣ್ಣ ಮುದ್ದೆ ನುಂಗಿದ್ರೆ ಚಿನ್ನ. ಅದೇ ರಾಗಿನ ನುಣ್ಣಗೆ ಬೀಸಿ, ತೆಳ್ಳಗೆ ಕುದಿಸಿ, ಬೆಲ್ಲ ಹಾಕಿ ಮಾಲ್ಟ್ ಮಾಡಿ ಖಾಲಿ ಹೊಟ್ಟೆಗೆ ಕುಡಿದ್ರೆ ಸಕ್ಕರೆ ಮೀಟರ್ ಕುಣಿಯುತ್ತೆ. ಬೆಲ್ಲನೂ ಸಕ್ಕರೆನೇ, ಬಣ್ಣ ಮಾತ್ರ ಬೇರೆ. ಪುಟ್ಟಿ, ನಿಮ್ಮ ಏಳು ಗಂಟೆ ಲೋಟ ಮೊದಲು ಹೋಗ್ಲಿ. ಬೇಕಿದ್ರೆ ಉಪ್ಪು ಮಜ್ಜಿಗೆ ಹಾಕಿ ಅಂಬಲಿ, ಅದೂ ತಿಂಡಿ ಬದಲಿಗೆ.

@ಧಾರವಾಡ_ಪೇಢೆ ರೊಟ್ಟಿಗೆ ಜೈ. ಆದ್ರೆ ನಿಮಗೆ ಸಕ್ಕರೆ ಬರ್ದೇ ಇರೋಕೆ ರೊಟ್ಟಿ ಒಂದೇ ಕಾರಣ ಅಂತ ಹೇಳೋಕಾಗಲ್ಲ ಅಕ್ಕ.

ಕೆಂಗೇರಿ_ಪುಟ್ಟಿ
@ತಟ್ಟೆ_ಲೆಕ್ಕ ಸಿಕ್ಕಿಹಾಕ್ಕೊಂಡೆ. ಆಫೀಸ್ ವೈಟ್‌ಫೀಲ್ಡ್ ಕಡೆ. ಮೆಟ್ರೋಲಿ ಈ ತುದಿಯಿಂದ ಆ ತುದಿ. ಮಧ್ಯಾಹ್ನ ಕೆಫೆಟೀರಿಯಾ ಫ್ರೈಡ್ ರೈಸ್, ನಾಲ್ಕು ಗಂಟೆಗೆ ಪುಕ್ಕಟೆ ಬಿಸ್ಕತ್ತು, ಪ್ಯಾಕೆಟ್ ಜ್ಯೂಸ್ (ಬಸುರಿಗೆ ಹಣ್ಣಿನ ರಸ ಒಳ್ಳೇದು ಅಂದ್ಕೊಂಡು ದಿನಕ್ಕೆ ಎರಡು). ಸಂಜೆ ಏಳೂವರೆಗೆ ಕೆಂಗೇರಿಲಿ ಇಳಿದಾಗ ಕಣ್ಣು ಕತ್ತಲೆ ಬರೋ ಹಸಿವು, ಸ್ಟೇಷನ್ ಹತ್ರ ಬೇಕರಿಲಿ ಎಗ್ ಪಫ್ಸ್ ಮತ್ತೆ ದಿಲ್‌ಪಸಂದ್. ಮನೆಗೆ ಹೋದ್ರೆ ಅತ್ತೆ ಮುದ್ದೆ ಹಿಡ್ಕೊಂಡು ಕಾಯ್ತಿರ್ತಾರೆ, ತಿಂದಿದೀನಿ ಅಂತ ಹೇಳೋಕೆ ಧೈರ್ಯ ಇಲ್ಲ.

ಬಸ್ಸಾರು_ಪ್ರಿಯೆ
ಹಾ! ಇಷ್ಟೊತ್ತು ಬಡಪಾಯಿ ಅತ್ತೆ ತುಪ್ಪಕ್ಕೆ ಎಲ್ರೂ ಕಲ್ಲು ಹೊಡೀತಿದ್ವಿ.

ಮಾಗಡಿ_ಹೈದ
ನಾನು ಮೊದ್ಲೇ ಹೇಳ್ಲಿಲ್ವಾ ತುಪ್ಪದ್ದು ತಪ್ಪಿಲ್ಲ ಅಂತ!!

ತಟ್ಟೆ_ಲೆಕ್ಕ
ಇದನ್ನೇ ಹುಡುಕ್ತಿದ್ದೆ. ಒಂದು ಚಮಚ ತುಪ್ಪ ಇರ್ಲಿ ಬಿಡಿ. ಜ್ಯೂಸ್ ಎರಡು, ದಿಲ್‌ಪಸಂದ್ ಒಂದು, ಮಾಲ್ಟ್ ಒಂದು, ಇವು ನಿಮ್ಮ 3 ಕೆಜಿ. ನಾಲ್ಕು ಗಂಟೆಗೆ ಬೇಯಿಸಿದ ಕಡಲೆಕಾಳೋ ಮೊಟ್ಟೆನೋ ಡಬ್ಬಿಲಿ ಒಯ್ದ್ರೆ ಏಳೂವರೆ ಹಸಿವು ಅರ್ಧ ಆಗುತ್ತೆ. ಬೇಕರಿ ಬಿಡೋಕೆ ಮನೋಬಲ ಬೇಡ, ಹೊಟ್ಟೆ ತುಂಬಿರ್ಬೇಕು ಅಷ್ಟೇ.

ಸಿಕ್ಸ್‌ಪ್ಯಾಕ್_ಸಿದ್ಧ
ಇಷ್ಟೆಲ್ಲ ಯಾಕೆ? ಕೀಟೋ ಮಾಡ್ಲಿ, ಅನ್ನ ರೊಟ್ಟಿ ಬಿಟ್ಟು ಬರೀ ಕೊಬ್ಬು, ಪ್ರೋಟೀನು. ದಿನಕ್ಕೆ ಒಪ್ಪೊತ್ತು ಊಟ, ನಾನು ಮೂರು ತಿಂಗಳಲ್ಲಿ 14 ಕೆಜಿ ಇಳಿಸಿದೆ. ಒಳಗೆ ಕೊಬ್ಬು ಇದೆಯಲ್ಲ, ಮಗು ಅದನ್ನೇ ತಿನ್ನುತ್ತೆ. ಸಿಂಪಲ್ ಲಾಜಿಕ್.

ನೈಟ್‌ಶಿಫ್ಟ್_ಸಿಸ್ಟರ್
ಸಿದ್ಧಪ್ಪ, ನೀನು ಯಾವಾಗ ಬಸುರಿ ಆಗಿದ್ದೆ?

ಮಲ್ಲೇಶ್ವರದ_ಓದುಗ
@ಸಿಕ್ಸ್‌ಪ್ಯಾಕ್_ಸಿದ್ಧ ಇದು ಅಪಾಯದ ಸಲಹೆ, ಅಡ್ಮಿನ್ ದಯವಿಟ್ಟು ನೋಡಿ. ಕೊಬ್ಬು ಕರಗಿದ್ರೆ ರಕ್ತಕ್ಕೆ ಕೀಟೋನ್ ಅನ್ನೋ ಆಮ್ಲ ಬರುತ್ತೆ, ಮಗುಗೆ ಪ್ರೋಟೀನು, ಕಬ್ಬಿಣ, ಫೋಲಿಕ್ ಆಸಿಡ್ ಬರಲ್ಲ. ತೂಕ ಜಾಸ್ತಿ ಇರೋರಿಗೂ ಬಸುರಿಲಿ ತೂಕ *ಇಳಿಸಿ* ಅಂತ ವೈದ್ಯರು ಹೇಳಲ್ಲ, ಏರೋದನ್ನ ಹಿಡಿತದಲ್ಲಿಡಿ ಅಂತಾರೆ.

ಹಸಿವಿಂದ ಏನಾಗುತ್ತೆ ಅನ್ನೋಕೆ ಇತಿಹಾಸನೇ ಇದೆ. 1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆ ನೆದರ್ಲೆಂಡ್ಸ್‌ಗೆ ಆಹಾರ ತಡೆಹಿಡೀತು. ಆಗ ಬಸುರಿನ ಮೊದಲ ತಿಂಗಳುಗಳಲ್ಲಿ ಉಪವಾಸ ಬಿದ್ದ ತಾಯಂದಿರ ಗಂಡುಮಕ್ಕಳು 19ನೇ ವಯಸ್ಸಿಗೆ ಸೇನೆ ತಪಾಸಣೆಗೆ ಬಂದಾಗ ಅವರಲ್ಲಿ ಸ್ಥೂಲಕಾಯ *ಹೆಚ್ಚು* ಇತ್ತು. ಗರ್ಭದಲ್ಲಿ ಬರ ಕಂಡ ಮೈ ಸಿಕ್ಕಿದ್ದನ್ನೆಲ್ಲ ಕೂಡಿಡೋಕೆ ಕಲಿಯುತ್ತೆ.

ದೂರದ ಮಾತು ಬೇಡ ಅಂದ್ರೆ ಮೈಸೂರಿಗೇ ಬನ್ನಿ. ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮ ಹಿರಿಯರ ಬಾಯಲ್ಲಿ ಮಿಷನ್ ಆಸ್ಪತ್ರೆ. 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದಾರೆ ಅಲ್ಲಿ. ಆ ಹಳೇ ಪುಸ್ತಕಗಳಿಂದ ಶುರುವಾದ ಅಧ್ಯಯನ ಮುಂದೆ ಬಸುರಿಯರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಹಿಂಬಾಲಿಸ್ತು. ಅದ್ರಲ್ಲಿ ನನಗೆ ಹಿಡಿಸಿದ್ದು ವಿಟಮಿನ್ ಬಿ12 ವಿಷಯ. ಬಿ12 ಕಮ್ಮಿ ಇದ್ದ ಬಸುರಿಯರಲ್ಲಿ ಬಿಎಂಐ ಜಾಸ್ತಿ, ಸಕ್ಕರೆನೂ ಜಾಸ್ತಿ ಕಾಣಿಸ್ಕೊಂಡಿತ್ತು. ದಪ್ಪ ಇದ್ದೋರಿಗೆ ಪೌಷ್ಟಿಕಾಂಶ ಕೊರತೆ ಇರಲ್ಲ ಅಂತ ನಾವು ಅಂದ್ಕೋತೀವಲ್ಲ, ತಪ್ಪು. ಪುಟ್ಟಿ, ಎಗ್ ಪಫ್ಸ್ ಅಂದ್ರಿ, ಅಂದ್ರೆ ಮೊಟ್ಟೆ ತಿಂತೀರ, ಸರಿ. ಶುದ್ಧ ಸಸ್ಯಾಹಾರಿಗಳು ಬಿ12 ಒಮ್ಮೆ ನೋಡಿಸ್ಕೊಳ್ಳಿ.

ಬಸ್ಸಾರು_ಪ್ರಿಯೆ
ಓದುಗರೇ, ಹಾಗಾದ್ರೆ ಸರಿಯಾಗಿ ತಿಂದ್ರೆ ಸಕ್ಕರೆ ಬರಲ್ಲ ಅಂತ ಗ್ಯಾರಂಟಿನಾ?

ಮಲ್ಲೇಶ್ವರದ_ಓದುಗ
ಇಲ್ಲ. ಇದನ್ನ ಯಾರೂ ಹೇಳಲ್ಲ, ಅದಕ್ಕೇ ಹೇಳ್ತೀನಿ. ಬ್ರಿಟನ್ನಿನಲ್ಲಿ ಅಪ್‌ಬೀಟ್ ಅನ್ನೋ ದೊಡ್ಡ ಪ್ರಯೋಗ, ಫಲಿತಾಂಶ ಬಂದಿದ್ದು 2015ರಲ್ಲಿ. ಬಿಎಂಐ 30 ದಾಟಿದ 1555 ಬಸುರಿಯರು. ಅರ್ಧ ಜನಕ್ಕೆ ಸಕ್ಕರೆ ನಿಧಾನ ಏರಿಸೋ ಊಟ, ನಡಿಗೆ, ವಾರವಾರ ಸಲಹೆ. ಕೊನೆಗೆ ನೋಡಿದ್ರೆ ಬಸುರಿ ಸಕ್ಕರೆ ಕಾಯಿಲೆನೂ ಕಮ್ಮಿ ಆಗಿರ್ಲಿಲ್ಲ, ದೊಡ್ಡ ಗಾತ್ರದ ಮಕ್ಕಳೂ ಕಮ್ಮಿ ಆಗಿರ್ಲಿಲ್ಲ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 2212 ಹೆಂಗಸರ ಮೇಲೆ ಮಾಡಿದಾಗ್ಲೂ ಒಟ್ಟಾರೆ ಫಲಿತಾಂಶ ಸಪ್ಪೆನೇ, 4 ಕೆಜಿ ದಾಟಿದ ಮಕ್ಕಳು ಮಾತ್ರ ಕಮ್ಮಿ ಹುಟ್ಟಿದ್ರು.

ಸಿಕ್ಸ್‌ಪ್ಯಾಕ್_ಸಿದ್ಧ
ಅಲ್ಲಿಗೆ ಈ ಕಾಳು ಸೊಪ್ಪಿನ ಪುರಾಣ ಎಲ್ಲ ವೇಸ್ಟ್ ಅಂತಾಯ್ತು.

ಮಲ್ಲೇಶ್ವರದ_ಓದುಗ
ಪೂರ್ತಿ ಕೇಳಿ ಸ್ವಾಮಿ. ಅಪ್‌ಬೀಟ್‌ನ ತಾಯಂದಿರ ತೂಕ ಕಮ್ಮಿ ಏರಿತ್ತು, ಊಟ ಸುಧಾರಿಸಿತ್ತು. ಮಕ್ಕಳಿಗೆ ಆರು ತಿಂಗಳಾದಾಗ ಬೆನ್ನಿನ ರೆಕ್ಕೆಮೂಳೆ ಕೆಳಗಿನ ಕೊಬ್ಬಿನ ಮಡಿಕೆ ಅಳೆದ್ರೆ ಸಲಹೆ ಪಡೆದವರ ಮಕ್ಕಳಲ್ಲಿ ಅದು ತೆಳುವಾಗಿತ್ತು. ಹೆರಿಗೆ ದಿನ ಕಾಣದ ಲಾಭ ಆಮೇಲೆ ಮಗು ಮೈಯಲ್ಲಿ ಕಂಡಿತು. ಇನ್ನೊಂದು, ಅವರು ಶುರು ಮಾಡಿದ್ದು 15ರಿಂದ 18ನೇ ವಾರದೊಳಗೆ. ಅಷ್ಟರಲ್ಲಿ ಮಾಸು ಕೂತಾಗಿರುತ್ತೆ, ತಡ ಆಯ್ತೇನೋ ಅನ್ನೋ ವಾದನೂ ಇದೆ. ಎರಡನೇ ಮಗು ಯೋಚನೆ ಇರೋರು ಬಸುರಿಗೆ ಮೊದಲೇ ತೂಕದ ಕಡೆ ಗಮನ ಕೊಟ್ರೆ ಹೆಚ್ಚು ಲಾಭ.

ಪುಟ್ಟಿ, ಇದರರ್ಥ ಇಷ್ಟೇ: ಎಲ್ಲ ಸರಿ ಮಾಡಿಯೂ ಸಕ್ಕರೆ ಬರಬಹುದು. ಬಂದ್ರೆ ಅದು ನಿಮ್ಮ ದಿಲ್‌ಪಸಂದ್ ಶಾಪ ಅಲ್ಲ.

ಹೆಸರು_ಬೇಡ_ಪ್ಲೀಸ್
ನಾನೂ 94 ಕೆಜಿ ಬಸುರಿ ಆಗಿದ್ದೆ. ಸ್ಕ್ಯಾನಿಂಗ್ ಸೆಂಟರ್ ಒಂದರಲ್ಲಿ (ಹೆಸರು ಬೇಡ) ಹತ್ತು ಜನರ ಮುಂದೆ "ಮೇಡಂ ಕೊಬ್ಬಲ್ಲಿ ಮಗುನೇ ಕಾಣಿಸ್ತಿಲ್ಲ" ಅಂತ ನಕ್ಕರು. ಮುಂದಿನ ಎರಡು ಸ್ಕ್ಯಾನ್‌ಗೆ ಹೋಗ್ಲೇ ಇಲ್ಲ, ಅವಮಾನಕ್ಕೆ. ಈಗ ನೆನೆಸ್ಕೊಂಡ್ರೆ ಭಯ ಆಗುತ್ತೆ. ಪುಟ್ಟಿ, ಯಾರು ಏನೇ ಅಂದ್ರೂ ಚೆಕಪ್ ತಪ್ಪಿಸ್ಬೇಡ.

ನೈಟ್‌ಶಿಫ್ಟ್_ಸಿಸ್ಟರ್
ನಮ್ಮವರ ಪರವಾಗಿ ಕ್ಷಮೆ ಕೇಳ್ತೀನಿ ತಾಯಿ. ಕೊಬ್ಬಿನ ಪದರ ದಾಟಿ ಚಿತ್ರ ಮಸುಕಾಗೋದು ನಿಜ, ಅದಕ್ಕೆ ನಗೋದಲ್ಲ, ಒಂದೆರಡು ವಾರ ಬಿಟ್ಟು ಮತ್ತೆ ನೋಡೋದು.

ಇನ್ನೊಂದು ಗುಟ್ಟು. ಬಿಪಿ ನೋಡುವಾಗ ತೋಳಿಗೆ ಕಟ್ಟೋ ಪಟ್ಟಿ ಸಣ್ಣದಾದ್ರೆ ಬಿಪಿ ಸುಳ್ಳುಸುಳ್ಳೇ ಜಾಸ್ತಿ ತೋರಿಸುತ್ತೆ. ತೋಳು ದಪ್ಪ ಇರೋರು "ದೊಡ್ಡ ಕಫ್ ಹಾಕಿ ಸಿಸ್ಟರ್" ಅಂತ ನಾಚಿಕೆ ಇಲ್ದೆ ಕೇಳಿ. ನಿಜವಾಗ್ಲೂ ಬಿಪಿ ಏರಿ ತಲೆ ಸಿಡೀತಿದ್ರೆ, ಕಣ್ಣು ಮಂಜಾದ್ರೆ, ಪಕ್ಕೆಲುಬಿನ ಕೆಳಗೆ ನೋವು ಬಂದ್ರೆ ಇಲ್ಲಿ ಪೋಸ್ಟ್ ಹಾಕ್ತಾ ಕೂರ್ಬೇಡಿ, ಆಸ್ಪತ್ರೆಗೆ ಓಡಿ.

ಜಯನಗರ_ನಾಲ್ಕನೇ_ಬ್ಲಾಕ್
ನಡಿಗೆ ಬಗ್ಗೆ ಯಾರೂ ಹೇಳ್ಲಿಲ್ಲ. ಊಟ ಆದ್ಮೇಲೆ ಹದಿನೈದು ನಿಮಿಷ ನಡೆದ್ರೆ ಸಕ್ಕರೆ ಇಳಿಯುತ್ತೆ.

ದಾಸರಹಳ್ಳಿ_ದಾರಿಹೋಕ
ಎಲ್ಲಿ ನಡೀಬೇಕು? ನಮ್ಮ ಏರಿಯಾ ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ಬೈಕ್, ಬೈಕ್ ಮೇಲೆ ನಾಯಿ. ಬಸುರಿ ಬಿಡಿ, ನಾನೇ ಎರಡ್ಸಲ ಕಾಲು ಉಳುಕಿಸ್ಕೊಂಡಿದೀನಿ.

ಕುಡ್ಲದ_ಕುಚ್ಚಲಕ್ಕಿ
ಲಾಲ್‌ಬಾಗ್ ಪಕ್ಕ ಮನೆ ಇರುವವರಿಗೆ ಮಾತ್ರ ಆರೋಗ್ಯ ಈ ಊರಲ್ಲಿ.

ಧಾರವಾಡ_ಪೇಢೆ
ನಾ ಮಾಳಿಗಿ ಮ್ಯಾಲ ಅಡ್ಡಾಡ್ತಿದ್ದೆ. ಇಪ್ಪತ್ತು ಸುತ್ತು. ಒಣಾಕ ಹಾಕಿದ ಹಪ್ಪಳಾನೂ ಕಾದಂಗ ಆತು.

ಅಂಗನವಾಡಿ_ಟೀಚರಮ್ಮ
ನಾನು ಪೀಣ್ಯ ಕಡೆ ಕೆಲಸ ಮಾಡೋಳು. ನೀವೆಲ್ಲ ಬಾದಾಮಿ, ಪನೀರು ಅಂತೀರ. ನಮ್ಮಲ್ಲಿಗೆ ಬರೋ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಕಥೆ ಬೇರೆ. ತೂಕ ನೋಡಿದ್ರೆ 75, ರಕ್ತ ನೋಡಿದ್ರೆ ಹಿಮೋಗ್ಲೋಬಿನ್ 8. ದಪ್ಪನೂ ಇದಾಳೆ, ರಕ್ತಹೀನತೆನೂ ಇದೆ. ಬೆಳಿಗ್ಗೆ ಟೀ ಬನ್ನು, ಮಧ್ಯಾಹ್ನ ಡಬ್ಬಿ ತುಂಬಾ ಚಿತ್ರಾನ್ನ, ರಾತ್ರಿ ಅನ್ನ ತಿಳಿಸಾರು. ಹೊಟ್ಟೆ ತುಂಬುತ್ತೆ, ಮೈಗೆ ಏನೂ ಸಿಗಲ್ಲ. 2017ರಲ್ಲಿ ಅಂಗನವಾಡಿಲಿ ಬಸುರಿಯರಿಗೆ ಊಟ ಕೊಡೋ ಮಾತೃಪೂರ್ಣ ಯೋಜನೆ ಶುರುವಾದಾಗ ಅನ್ನ ಸಾಂಬಾರ್ ಜೊತೆ ಮೊಟ್ಟೆ, ಹಾಲು, ಚಿಕ್ಕಿ ಕೊಡೋ ಹಾಗಾಯ್ತು. ಆದ್ರೆ ಹತ್ತು ಗಂಟೆ ಶಿಫ್ಟ್ ಇರೋಳು ಮಧ್ಯಾಹ್ನ ಅಂಗನವಾಡಿಗೆ ಹೇಗೆ ಬರ್ತಾಳೆ, ಹೇಳಿ.

ಎಲ್ರಿಗೂ ಒಂದು ಮಾತು: ಕಬ್ಬಿಣದ ಮಾತ್ರೆ ನುಂಗಿ ಮೇಲೆ ಕಾಫಿ ಕುಡಿಬೇಡಿ, ಮಾತ್ರೆ ದಂಡ. ನಿಂಬೆ ಪಾನಕ ಇರ್ಲಿ, ಸಕ್ಕರೆ ಇಲ್ದೆ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತೆ, ತಾಯಿ ಕಾರ್ಡ್ ತಗೊಂಡ್ಹೋಗಿ.

ವಿಜಯನಗರದ_ಅಳಿಯ
ಗಂಡಸರ ಕಡೆಯಿಂದ ಒಂದು. ನನ್ನ ಹೆಂಡತಿಗೂ ಇದೇ ಗಲಾಟೆ ಆಗಿತ್ತು. ನಾನು ಅಮ್ಮನಿಗೆ ಹೇಳಿದ್ರೆ "ಹೆಂಡತಿ ಹೇಳಿಕೊಟ್ಟಳು", ಅವಳು ಹೇಳಿದ್ರೆ "ಸೊಸೆ ಎದುರು ಮಾತಾಡ್ತಾಳೆ". ಕೊನೆಗೆ ಚೆಕಪ್‌ಗೆ ಅಮ್ಮನ್ನೇ ಕರ್ಕೊಂಡು ಹೋದೆ. ಡಾಕ್ಟ್ರು ಅವರನ್ನ ಕೂರಿಸ್ಕೊಂಡು "ಅಮ್ಮಾ, ಅಡಿಗೆಮನೆ ನಿಮ್ಮ ಕೈಲಿದೆ, ನೀವು ಮನಸ್ಸು ಮಾಡಿದ್ರೆ ಮಾತ್ರ ಆಗೋದು" ಅಂದ್ರು. ಅವತ್ತಿನಿಂದ ನಮ್ಮಮ್ಮನೇ ಡಾಕ್ಟ್ರು. ನಾನು ಮನೆಗೆ ಜಿಲೇಬಿ ತಂದಿದ್ದಕ್ಕೆ ಉಗಿಸ್ಕೊಂಡೆ. ಪುಟ್ಟಿ ಯಜಮಾನ್ರು ಇದನ್ನ ಓದ್ತಿದ್ರೆ, ರಜೆ ಹಾಕಿ ಸ್ವಾಮಿ ಒಂದಿನ.

ಅಡ್ಮಿನ್
ಕೀಟೋ ಕಾಮೆಂಟ್ ತೆಗೆಯೋಕೆ ನಾಲ್ಕು ಜನ ಕೇಳಿದ್ದಾರೆ. ಕೆಳಗೆ ಉತ್ತರ ಇರೋದ್ರಿಂದ ಬಿಟ್ಟಿದೀನಿ. ಯಾರೂ ಅದನ್ನ ಮಾಡಬೇಡಿ.

*(ಹನ್ನೆರಡು ವಾರದ ನಂತರ)*

ಕೆಂಗೇರಿ_ಪುಟ್ಟಿ
ನೆನಪಿದೀನಾ? 27ನೇ ವಾರ. ವಿಜಯನಗರದ ಅಳಿಯಂದಿರ ಐಡಿಯಾ ಮಾಡಿದ್ವಿ, ಅತ್ತೆನ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ವಿ. ಮೊದಲ ಸಕ್ಕರೆ ಪರೀಕ್ಷೆ 121, ಖುಷಿ ಆಯ್ತು. 25ನೇ ವಾರದ್ದು 152. ಬಂದೇ ಬಿಡ್ತು. ಜ್ಯೂಸ್ ಬಿಟ್ಟಿದ್ದೆ, ಮಾಲ್ಟ್ ಬಿಟ್ಟಿದ್ದೆ, ಬೇಕರಿ ಹತ್ತು ದಿನಕ್ಕೊಮ್ಮೆ ಅಷ್ಟೇ (ಸುಳ್ಳು ಹೇಳಲ್ಲ, ವಾರಕ್ಕೊಮ್ಮೆ). ಅವತ್ತು ತುಂಬಾ ಅತ್ತುಬಿಟ್ಟೆ. ಆಮೇಲೆ ಓದುಗರು ಬರೆದಿದ್ದನ್ನ ಮತ್ತೆ ತೆಗೆದು ಓದಿದೆ.

ಡಾಕ್ಟ್ರು ಎರಡು ವಾರ ಊಟದಲ್ಲೇ ನೋಡೋಣ, ಆಗ್ಲಿಲ್ಲ ಅಂದ್ರೆ ಔಷಧಿ ಅಂದ್ರು. ಖಾಲಿ ಹೊಟ್ಟೆಲಿ 95ರ ಒಳಗೆ, ಊಟ ಆಗಿ ಎರಡು ಗಂಟೆಗೆ 120ರ ಒಳಗೆ ಇರ್ಬೇಕಂತೆ. ಮನೆಗೆ ಮೀಟರ್ ತಂದ್ವಿ. ಈಗ ಮೀಟರ್ ಅತ್ತೆ ಕೈಲಿದೆ! ಏಳನೇ ಕ್ಲಾಸ್ ಓದಿರೋದು ಅವರು, ಹಳೇ ಕ್ಯಾಲೆಂಡರ್ ಹಿಂದೆ ಕಾಲಂ ಗೀಚಿ ಬರೀತಾರೆ. ಮೂರು ಇಡ್ಲಿ ಚಟ್ನಿಗೆ 138. ಎರಡು ಇಡ್ಲಿ, ತರಕಾರಿ ಸಾಂಬಾರ್ ಒಂದು ಬಟ್ಟಲು, ಒಂದು ಮೊಟ್ಟೆಗೆ 114. ಸಣ್ಣ ಮುದ್ದೆ ಬಸ್ಸಾರಿಗೆ 116. ನನ್ನ ಗಂಡ ತಮಾಷೆಗೆ ಚುಚ್ಚಿಸ್ಕೊಂಡ್ರೆ ಅವರಿಗೆ 168 ಬಂತು, ಈಗ ಮನೇಲಿ ಇಬ್ಬರಿಗೆ ಡಯಟ್.

ತೂಕ 92.5. ಮಗು ಸ್ಕ್ಯಾನ್‌ನಲ್ಲಿ ವಾರಕ್ಕೆ ತಕ್ಕ ಗಾತ್ರ. ಮೊನ್ನೆ ಡಾಕ್ಟ್ರು ಕ್ಯಾಲೆಂಡರ್ ನೋಡಿ ಸದ್ಯಕ್ಕೆ ಇನ್ಸುಲಿನ್ ಬೇಡ ಅಂದ್ರು.

ತಟ್ಟೆ_ಲೆಕ್ಕ
ಆ ಕ್ಯಾಲೆಂಡರ್ ಫೋಟೋ ಹಾಕಿ. ನನ್ನ ಕ್ಲಿನಿಕ್ ಗೋಡೆಗೆ ಹಾಕ್ತೀನಿ.

ಲೆಕ್ಕದ_ಮೇಷ್ಟ್ರು
6.5 ಖರ್ಚು, ಬಾಕಿ 2.5 ಕೆಜಿ, 13 ವಾರ. ಬಜೆಟ್ ಸ್ವಲ್ಪ ಮೀರಬಹುದು. ಮೀರಿದರೆ ಮೀರಲಿ.

ನೈಟ್‌ಶಿಫ್ಟ್_ಸಿಸ್ಟರ್
ಮುಂದೆ ಇನ್ಸುಲಿನ್ ಬೇಕು ಅಂದ್ರೂ ಹೆದರ್ಬೇಡ ಪುಟ್ಟಿ, ಅದು ಮಾಸು ದಾಟಿ ಮಗುಗೆ ಹೋಗಲ್ಲ. ಯಜಮಾನ್ರಿಗೆ ಸರಿಯಾಗಿ ಲ್ಯಾಬಲ್ಲಿ ನೋಡಿಸು.

ಬಸ್ಸಾರು_ಪ್ರಿಯೆ
ನನ್ನ ಹೆಸರಿಗೆ ನ್ಯಾಯ ಸಿಗ್ಲಿ, ಅತ್ತೆ ಬಸ್ಸಾರು ಹೇಗೆ ಮಾಡ್ತಾರೆ ಕೇಳಿ ಹೇಳಿ.

ಕೆಂಗೇರಿ_ಪುಟ್ಟಿ
ಪಕ್ಕದಲ್ಲೇ ಕೂತು ಎಲ್ಲಾ ಓದಿಸ್ಕೊಂಡ್ರು, ಹೀಗೆ ಬರಿ ಅಂದ್ರು: "ಹೆಸರುಕಾಳು ಜೊತೆ ದಂಟಿನ ಸೊಪ್ಪು ಬೇಯಿಸಿ ಬಸಿದು, ಆ ಬಸಿದ ಕಟ್ಟಿನ ನೀರಿಗೆ ಹುರಿದ ಈರುಳ್ಳಿ ಬೆಳ್ಳುಳ್ಳಿ ಜೀರಿಗೆ ಮೆಣಸು, ಒಂದು ಹಿಡಿ ಬೆಂದ ಕಾಳು, ಚೂರು ಹುಣಸೆ ರುಬ್ಬಿ ಹಾಕಿ. ಕಾಯಿ ಕಮ್ಮಿ. ಉಳಿದ ಸೊಪ್ಪು ಕಾಳು ಪಲ್ಯಕ್ಕೆ. ತುಪ್ಪ ಎರಡು ಕೆಜಿ ಕಾಯಿಸಿ ಬಾಣಂತನಕ್ಕೆ ಅಂತ ಎತ್ತಿಟ್ಟಿದೀನಿ, ಅಂಟಿನ ಉಂಡೆಗೆ ಅಂಟೂ ತಂದಾಗಿದೆ. ಡಾಕ್ಟ್ರಿಗೆ ಹೇಳ್ಬೇಡಿ."

ನೈಟ್‌ಶಿಫ್ಟ್_ಸಿಸ್ಟರ್
ಅಮ್ಮಾ, ಹೆರಿಗೆ ಆಗಿ ಆರು ವಾರಕ್ಕೆ ಮತ್ತೆ ಗ್ಲೂಕೋಸ್ ನೀರು ಕುಡಿಸಿ ಸಕ್ಕರೆ ನೋಡ್ತೀವಿ. ಕ್ಯಾಲೆಂಡರ್ ಎಸೀಬೇಡಿ.

ಮಾಗಡಿ_ಹೈದ
ಅಂಟಿನ ಉಂಡೆ ಉಳಿದ್ರೆ ಹೇಳಿ, ಕೆಂಗೇರಿ ನಮಗೆ ದೂರ ಇಲ್ಲ.